ಬಿಲ್ಲಿನ ಮೇಲಿನ ಆಯುಷ್ಯ, ಉಪ್ಪುನೀರಿನೊಳಗಿನ ಆಯುಷ್ಯ

ಮರಮುಟ್ಟಿನ ವ್ಯಾಪಾರದಲ್ಲಿ ‘ಟ್ರೀಟೆಡ್’ ಎಂಬ ಪದವು ಇಂದು ಎಷ್ಟು ಸಲೀಸಾಗಿ ಚಲಾವಣೆಯಲ್ಲಿದೆಯೆಂದರೆ, ಆ ಪದದ ಹಿಂದೆ ಒಂದು ಅಳತೆ ಇರಬೇಕೆಂಬುದನ್ನೇ ನಾವು ಮರೆತಂತಿದೆ. ಸಕ್ಕರೆಯನ್ನು ಕಿಲೋ ಲೆಕ್ಕದಲ್ಲಿ, ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ, ಚಿನ್ನವನ್ನು ಕ್ಯಾರೆಟ್ ವಿಚಾರಿಸಿ ಕೊಳ್ಳುವ ನಾವು, ಔಷಧಿ ಹಿಡಿಸಿದ ಮರವನ್ನು ಮಾತ್ರ ಒಂದು ವಿಶೇಷಣವನ್ನು ನಂಬಿ ಕೊಳ್ಳುತ್ತೇವೆ, ಮಾರುತ್ತೇವೆ. ನೆಲದ ಮೇಲೆ ಈ ಅಲಕ್ಷ್ಯವು ಹೇಗೋ ನಡೆದುಹೋಗುತ್ತದೆ. ಸಮುದ್ರದ ನೀರಿನಲ್ಲಿ ನಡೆಯುವುದಿಲ್ಲ.

ಈ ಲೇಖಕನು ಮರದ ತಜ್ಞನಲ್ಲ. ಇಪ್ಪತ್ತೆಂಟು ವರ್ಷಗಳಿಂದ ಹಾಸನದಲ್ಲಿ ಕುಳಿತು ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಲೆಕ್ಕಪತ್ರಗಳನ್ನು ಪರಿಶೋಧಿಸುತ್ತ ಬಂದವನು. ಆದರೂ ಈ ವಿಷಯವನ್ನು ಕುರಿತು ಬರೆಯಲು ಕಾರಣವಾದ ಪ್ರಸಂಗವೊಂದಿದೆ. ಅದರಲ್ಲಿ ನನ್ನ ಪಾಲಿನ ತಪ್ಪೂ ಇರುವುದರಿಂದ ಅದನ್ನು ಮೊದಲೇ ಹೇಳಿಬಿಡುವುದು ಒಳಿತು.

ಸಾಲಗಾಮೆಯ ಕಂಬಗಳು ಕಡಲಿಗೆ ಹೋದ ಕಥೆ

ಸಾಲಗಾಮೆ ಹೋಬಳಿಯಲ್ಲಿ ನನ್ನ ಕಕ್ಷಿದಾರರೊಬ್ಬರು ಸಣ್ಣದೊಂದು ಸಾಮಿಲ್ಲನ್ನೂ, ಅದರ ಪಕ್ಕದಲ್ಲಿ ಮರಕ್ಕೆ ಒತ್ತಡದಿಂದ ಔಷಧಿ ಹಿಡಿಸುವ ಉಕ್ಕಿನ ಸಿಲಿಂಡರನ್ನೂ ಇಟ್ಟುಕೊಂಡಿದ್ದರು. ನೀಲಗಿರಿ ಕಂಬಗಳಿಗೆ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ಸಂರಕ್ಷಕವನ್ನು ಹಿಡಿಸಿ ತೋಟದ ಬೇಲಿಗೆ, ದನದ ಕೊಟ್ಟಿಗೆಗೆ, ಹೂವಿನ ಬೆಳೆಯ ಚಪ್ಪರಕ್ಕೆ ಒದಗಿಸುತ್ತಿದ್ದರು. ಪ್ರಾಮಾಣಿಕ ಮನುಷ್ಯ, ಮಾಲು ಚೆನ್ನಾಗಿತ್ತು, ಹೇಮಾವತಿ ಹಿನ್ನೀರಿನ ಅಂಚಿನ ತೋಟವೊಂದರಲ್ಲಿ ಅವರು ಕೊಟ್ಟ ಕಂಬಗಳು ವರ್ಷದಲ್ಲಿ ಹಲವು ತಿಂಗಳು ನೀರಿನಲ್ಲೇ ನಿಂತು ಒಂಬತ್ತು ವರ್ಷ ಕಳೆದರೂ ಅಲುಗಾಡಿರಲಿಲ್ಲ. ಅದೇ ಅವರ ಹೆಮ್ಮೆಯ ಜಾಹೀರಾತು.

ಕರಾವಳಿಯ ಗುತ್ತಿಗೆದಾರರೊಬ್ಬರು ಅಳಿವೆಯ ದಂಡೆಯಲ್ಲಿ ದೋಣಿ ಕಟ್ಟುವ ಜೆಟ್ಟಿಯೊಂದಕ್ಕೆ ಕಂಬಗಳನ್ನು ಕೇಳಿಕೊಂಡು ಬಂದರು. ಹಿನ್ನೀರಿನ ತೋಟವನ್ನು ಕಣ್ಣಾರೆ ಕಂಡರು; ಒಪ್ಪಿದರು. ಬಿಲ್ಲಿನಲ್ಲಿ ‘ಟ್ರೀಟೆಡ್ ನೀಲಗಿರಿ ಕಂಬ, 15 ವರ್ಷ ಖಾತರಿ’ ಎಂದು ಬರೆಯಲಾಯಿತು. ಶಿರಾಡಿ ಘಾಟಿ ಇಳಿದು ಲಾರಿಗಳು ಹೋದವು, ಹಣವೂ ಬಂತು. ಕಂಬ ನೆಟ್ಟದ್ದು ಮಳೆಗಾಲದ ಕೊನೆಯಲ್ಲಿ. ಮರುವರ್ಷದ ಮಳೆಗಾಲದಲ್ಲಿ ನೋಡಿದಾಗಲೂ ಹೊರಗೆ ಒಂದು ಗೀರಿರಲಿಲ್ಲ. ಮೂರನೆಯ ವರ್ಷ ಕಂಬಗಳು ನೀರಿನ ಮಟ್ಟದ ಕೆಳಗೆ ಒಂದೊಂದಾಗಿ ಮುರಿದವು. ಮುರಿದ ತುಂಡನ್ನು ಗೋಣಿಚೀಲದಲ್ಲಿ ಕಟ್ಟಿ ಕಳುಹಿಸಿದ್ದರು. ಹೊರಗೆ ತೆಳುವಾದ ಹಸಿರುಛಾಯೆಯ ಮರ. ಒಳಗೆ ಜೇನುಗೂಡಿನಂತೆ ತೂತು, ತೂತಿನೊಳಗೆ ಸುಣ್ಣದ ಕೊಳವೆ.

“ಸಾರ್, ನಾನು ಸುಳ್ಳು ಹೇಳಲಿಲ್ಲ. ಔಷಧಿ ಹಿಡಿಸಿಯೇ ಕೊಟ್ಟಿದ್ದೇನೆ,” ಎಂದು ಅವರು ನನ್ನ ಕಚೇರಿಯಲ್ಲಿ ಕುಳಿತು ಹೇಳಿದರು. ಅದು ನಿಜವೂ ಆಗಿತ್ತು. ಕಡೆಗೆ ಕಂಬಗಳ ಪೂರ್ತಿ ಬೆಲೆಗೆ ಕ್ರೆಡಿಟ್ ನೋಟ್ ಕೊಟ್ಟು, ಮರುಜೋಡಣೆಯ ಖರ್ಚಿನಲ್ಲಿಯೂ ಒಂದು ಭಾಗವನ್ನು ಹೊತ್ತು ರಾಜಿಯಾದರು. ಎರಡು ವರ್ಷಗಳ ಲಾಭ ಅಷ್ಟಕ್ಕೇ ಹೋಯಿತು. ಸಿಲಿಂಡರು ಇಂದು ಬಾಗಿಲು ಮುಚ್ಚಿಕೊಂಡು ತುಕ್ಕು ಹಿಡಿಯುತ್ತಿದೆ.

ರಾಜಿಯಾದ ಬಳಿಕ ಒಂದು ಸಂಜೆ ಅವರ ಹಳೆಯ ಕಡತವನ್ನು ತೆರೆದೆ. ತೆರಿಗೆ ಲೆಕ್ಕಪರಿಶೋಧನೆಯ ನಮೂನೆ 3ಸಿಡಿಗಾಗಿ ಕಚ್ಚಾವಸ್ತು ಮತ್ತು ಸಿದ್ಧವಸ್ತುಗಳ ಪ್ರಮಾಣದ ವಿವರವನ್ನು ನಾನೇ ತಯಾರಿಸಿದ್ದೆ. ಆ ವರ್ಷ ಬಳಕೆಯಾದ ಸಂರಕ್ಷಕ 360 ಕಿಲೋ. ಸಂಸ್ಕರಿಸಿ ಮಾರಿದ ಮರ 58 ಘನ ಮೀಟರ್. ಭಾಗಿಸಿದರೆ ಘನ ಮೀಟರಿಗೆ 6 ಕಿಲೋವಿಗೆ ಸ್ವಲ್ಪ ಹೆಚ್ಚು. ಈ ಒಂದು ಅಂಕಿಯಲ್ಲಿ ಇಡೀ ವ್ಯಾಜ್ಯದ ಉತ್ತರವಿತ್ತು. ಅದು ನನ್ನ ಸಹಿಯ ಮೇಲ್ಗಡೆಯೇ ಇತ್ತು. ನಾನು ಭಾಗಿಸಿ ನೋಡಿರಲಿಲ್ಲ.

ಸಿಹಿನೀರಿನ ಸಾಕ್ಷಿ ಉಪ್ಪುನೀರಿಗೆ ಸಲ್ಲದು

ನಮ್ಮ ಮಲೆನಾಡು, ಅರೆಮಲೆನಾಡಿನ ಜನರಿಗೆ ಮರದ ಶತ್ರುಗಳೆಂದರೆ ಗೆದ್ದಲು, ಕುಟ್ಟೆಹುಳು ಮತ್ತು ಕೊಳೆಸುವ ಬೂಷ್ಟು. ಕೆರೆಯಲ್ಲಿ, ಹಿನ್ನೀರಿನಲ್ಲಿ ಪೂರ್ತಿ ಮುಳುಗಿದ ಮರಕ್ಕೆ ಇವುಗಳ ಕಾಟವೂ ಕಡಿಮೆ. ಗಾಳಿಯಿಲ್ಲದೆ ಗೆದ್ದಲು ಬದುಕದು, ಬೂಷ್ಟು ಬೆಳೆಯದು. ಆದುದರಿಂದಲೇ ‘ನೀರಿನಲ್ಲಿ ಇಷ್ಟು ವರ್ಷ ನಿಂತಿದೆ’ ಎಂಬ ಸಾಕ್ಷ್ಯವು ನಮಗೆ ಬಲವಾಗಿ ಕಾಣುತ್ತದೆ. ಸಮುದ್ರದ ನೀರಿನಲ್ಲಿ ಮಾತ್ರ ಬೇರೆಯೇ ಒಂದು ವರ್ಗದ ಶತ್ರುಗಳಿವೆ. ಅವು ಹೇಮಾವತಿಯಲ್ಲಿಲ್ಲ.

ಮೊದಲನೆಯದು ಹಡಗುಹುಳು. ಹೆಸರು ಹುಳುವೆಂದಿದ್ದರೂ ಇದು ಕಪ್ಪೆಚಿಪ್ಪಿನ ಬಳಗಕ್ಕೆ ಸೇರಿದ ಮೃದ್ವಂಗಿ. ಮರಿಯಾಗಿರುವಾಗ ಗುಂಡುಸೂಜಿಯ ತಲೆಗಿಂತ ಚಿಕ್ಕದಾದ ರಂಧ್ರದಿಂದ ಮರವನ್ನು ಹೊಗುತ್ತದೆ. ತಲೆಯ ಮೇಲಿನ ಎರಡು ಪುಟ್ಟ ಚಿಪ್ಪುಗಳನ್ನೇ ಅರದಂತೆ ಉಜ್ಜುತ್ತ ಒಳಗೇ ಬೆಳೆಯುತ್ತದೆ. ಕೊರೆದ ದಾರಿಗೆ ಸುಣ್ಣದ ಗಿಲಾವು ಮಾಡಿಕೊಳ್ಳುತ್ತದೆ. ಹೊರಗಿನಿಂದ ನೋಡಿದವನಿಗೆ ಮರವು ಗಟ್ಟಿಯಾಗಿಯೇ ಕಾಣುತ್ತದೆ. ಎರಡನೆಯದು ಮಾರ್ಟೀಸಿಯ. ಇದೂ ಚಿಪ್ಪುಜೀವಿಯೇ. ಇದು ಮರವನ್ನು ಕೊರೆಯುವುದು ಮುಖ್ಯವಾಗಿ ಮನೆಗಾಗಿ. ಆಹಾರವನ್ನು ನೀರನ್ನು ಸೋಸಿ ಪಡೆಯುತ್ತದೆ. ಮೂರನೆಯದು ಲಿಮ್ನೋರಿಯ ಎಂಬ, ಅಕ್ಕಿಕಾಳಿಗಿಂತಲೂ ಚಿಕ್ಕದಾದ, ಸಿಗಡಿಯ ದೂರಬಂಧುವಾದ ಜೀವಿ. ಇದು ಹಿಂಡುಹಿಂಡಾಗಿ ಮರದ ಮೇಲ್ಮೈಯನ್ನು ತಿಂದು, ಉಬ್ಬರವಿಳಿತದ ಮಟ್ಟದಲ್ಲಿ ಕಂಬವನ್ನು ಡಮರುವಿನ ನಡುವಿನಂತೆ ಸವೆಸುತ್ತದೆ.

ಇನ್ನು ಅಳಿವೆಯ ವಿಷಯ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ, ಶರಾವತಿಯಂತಹ ನದಿಗಳು ತುಂಬಿ ಹರಿಯುವಾಗ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಕೊರೆಯುವ ಜೀವಿಗಳ ಹಾವಳಿ ಇಳಿಯುತ್ತದೆ. ಮಳೆ ನಿಂತು ಉಪ್ಪು ಏರಿದಂತೆ ಅವು ಮತ್ತೆ ಬರುತ್ತವೆ. ಮಳೆಗಾಲದಲ್ಲಿ ನೋಡಿ ‘ಏನೂ ಆಗಿಲ್ಲ’ ಎಂದು ತೀರ್ಮಾನಿಸಿದ್ದು, ಅಂಗಡಿ ಬಾಗಿಲು ಹಾಕಿರುವಾಗ ಕಳ್ಳರಿಲ್ಲವೆಂದು ಕಾವಲುಗಾರನನ್ನು ಮನೆಗೆ ಕಳುಹಿಸಿದಂತೆಯೇ ಸರಿ.

ದೊಡ್ಡವರೂ ಕಲಿತ ಪಾಠ

ಸಿಹಿನೀರಿನ ಅನುಭವವನ್ನು ನಂಬಿ ಕೆಟ್ಟವರಲ್ಲಿ ನಮ್ಮ ಸಾಲಗಾಮೆಯ ಉದ್ಯಮಿ ಮೊದಲಿಗರಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರಭಾಗದಲ್ಲಿ ನದಿಯ ನೀರು ಸೇರುವುದರಿಂದ ಉಪ್ಪು ಕಡಿಮೆ. ಅಲ್ಲಿ ಹಡಗುಹುಳು ಬಾರದೆಂದು ನಂಬಿ ಔಷಧಿ ಹಿಡಿಸದ ಮರದ ಕಂಬಗಳ ಮೇಲೆಯೇ ಹಡಗುಕಟ್ಟೆಗಳನ್ನು ಕಟ್ಟಿದ್ದರು. 1910ರ ದಶಕದಲ್ಲಿ ಕಡಿಮೆ ಉಪ್ಪನ್ನೂ ಸಹಿಸಬಲ್ಲ ಜಾತಿಯೊಂದು ಅಲ್ಲಿಗೆ ಕಾಲಿಟ್ಟಿತು. ಮಳೆ ಕೊರತೆಯಿಂದ ಉಪ್ಪೂ ಏರಿತು. 1919ರಿಂದ 1921ರ ನಡುವೆ ಕಟ್ಟೆಗಳು, ದಾಸ್ತಾನು ಮಳಿಗೆಗಳು ಒಂದರ ಹಿಂದೊಂದು ನೀರಿಗೆ ಕುಸಿದವು. ಅದಕ್ಕೂ ಮೊದಲು, 1731ರಲ್ಲಿ, ಹಾಲೆಂಡಿನ ಕಡಲತಡೆ ಒಡ್ಡುಗಳ ಮರದ ಕಂಬಗಳನ್ನು ಇದೇ ಹುಳು ತಿಂದುಹಾಕಿರುವುದು ಬೆಳಕಿಗೆ ಬಂದು, ಆ ದೇಶವು ಮರದ ಬದಲಿಗೆ ಹೊರನಾಡಿನಿಂದ ಕಲ್ಲು ತರಿಸಿ ಒಡ್ಡುಗಳನ್ನು ಭದ್ರಪಡಿಸಬೇಕಾಯಿತು.

ನಮ್ಮ ಕರಾವಳಿಯ ಮೊಗವೀರರು, ಖಾರ್ವಿಗಳು ಈ ಶತ್ರುವನ್ನು ತಲೆಮಾರುಗಳಿಂದ ಬಲ್ಲರು. ಹೆಬ್ಬಲಸು, ಸಾಗುವಾನಿಯಂತಹ ಮರವನ್ನು ಆರಿಸುವುದು, ದೋಣಿಯ ಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಮೀನೆಣ್ಣೆಯನ್ನೋ ಮತ್ತೆ ಮತ್ತೆ ಹಚ್ಚುವುದು, ದೋಣಿಯನ್ನು ದಡಕ್ಕೆಳೆದು ಒಣಗಿಸುವುದು ಇವೆಲ್ಲ ಅವರ ಉಪಾಯಗಳು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವು ದುರಸ್ತಿಯ ಕಾಲವೂ ಹೌದು. ಗಮನಿಸಬೇಕಾದ ಸಂಗತಿಯೆಂದರೆ, ದೋಣಿಯನ್ನು ದಡಕ್ಕೆಳೆಯಬಹುದು. ನೆಟ್ಟ ಕಂಬವನ್ನು ಎಳೆಯಲಾಗದು. ಕಂಬಕ್ಕೆ ಮೊದಲ ದಿನ ಕೊಟ್ಟದ್ದೇ ಕೊನೆಯವರೆಗಿನ ರಕ್ಷಣೆ.

ಜಗತ್ತಿನಾದ್ಯಂತ ದಶಕಗಳ ಕಾಲ ಬಳಕೆಯಾದ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಸಂರಕ್ಷಕವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ ಎಂಬ ಭಾರತೀಯ ವಿಜ್ಞಾನಿ. ‘ಆಸ್ಕ್ಯು’ ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ನಮ್ಮವರೇ ಕೊಟ್ಟ ವಿದ್ಯೆಯನ್ನು ಅಳತೆಯಿಲ್ಲದೆ ಬಳಸಿ ನಾವೇ ಅದಕ್ಕೆ ಕೆಟ್ಟ ಹೆಸರು ತರುತ್ತಿದ್ದೇವೆ.

ಅಳತೆ ಎಲ್ಲಿದೆ?

ಮರದ ಸಂರಕ್ಷಣೆಯಲ್ಲಿ ಎರಡು ಅಳತೆಗಳು ಮುಖ್ಯ. ಒಂದು, ಪ್ರತಿ ಘನ ಮೀಟರ್ ಮರದಲ್ಲಿ ಎಷ್ಟು ಕಿಲೋ ಸಂರಕ್ಷಕ ಉಳಿದಿದೆ ಎಂಬುದು. ಎರಡು, ಅದು ಮೇಲ್ಮೈಯಿಂದ ಎಷ್ಟು ಆಳಕ್ಕೆ ಇಳಿದಿದೆ ಎಂಬುದು. ಭಾರತೀಯ ಮಾನಕ ಐಎಸ್ 401 ಬಳಕೆಯ ಸ್ಥಳಕ್ಕೆ ಅನುಗುಣವಾಗಿಯೇ ಸಂಸ್ಕರಣೆಯನ್ನು ವಿಂಗಡಿಸುತ್ತದೆ. ಅಂತರ ಎಷ್ಟೆಂಬುದನ್ನು ಅರಿಯಲು ಅಮೆರಿಕದ ಮಾನಕವನ್ನು ನೋಡಬಹುದು. ಅಲ್ಲಿ ಪೈನ್ ಮರವು ಸಾಧಾರಣವಾಗಿ ಮಣ್ಣಿಗೆ ತಾಗುವ ಬಳಕೆಗೆ ಈ ಸಂರಕ್ಷಕವು ಘನ ಮೀಟರಿಗೆ 6.4 ಕಿಲೋ ಇದ್ದರೆ ಸಾಕು. ಸಮುದ್ರದಲ್ಲಿ ನಿಲ್ಲುವ ಕಂಬಕ್ಕೆ ತಣ್ಣೀರಿನ ಕಡಲಾದರೆ 24 ಕಿಲೋ, ಬೆಚ್ಚನೆಯ ಕಡಲಾದರೆ 40 ಕಿಲೋ. ಅರಬ್ಬೀ ಸಮುದ್ರವು ಬೆಚ್ಚನೆಯ ಕಡಲೆಂದು ಬೇರೆ ಹೇಳಬೇಕಾಗಿಲ್ಲ. ನನ್ನ ಕಕ್ಷಿದಾರರ ಕಂಬದಲ್ಲಿದ್ದದ್ದು ಬೇಲಿಗೆ ತಕ್ಕ ಪ್ರಮಾಣ. ಕಡಲಿಗೆ ಬೇಕಾದುದರ ಆರನೆಯ ಒಂದು ಪಾಲೂ ಅದರಲ್ಲಿರಲಿಲ್ಲ.

ಪ್ರಮಾಣ ಸರಿಯಿದ್ದರೂ ಕೆಲಸ ಕೆಡುವ ದಾರಿಗಳು ಹಲವಿವೆ. ಸಿಲಿಂಡರಿನಲ್ಲಿ ಮೊದಲು ಗಾಳಿಯನ್ನು ಹೀರಿ ತೆಗೆದು, ಬಳಿಕ ದ್ರಾವಣವನ್ನು ಒತ್ತಡದಿಂದ ನುಗ್ಗಿಸುತ್ತಾರೆ. ಇದು 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಹಕ್ಕುಪತ್ರ ಪಡೆದ ವಿಧಾನ. ಮರವು ಹಸಿಯಾಗಿದ್ದರೆ ದ್ರಾವಣಕ್ಕೆ ಒಳಗೆ ಜಾಗವೇ ಇರುವುದಿಲ್ಲ, ಮೊದಲು ಒಣಗಿಸಲೇಬೇಕು. ಹೊರಸುತ್ತಿನ ಬಿಳಿ ಮರವು ಔಷಧಿಯನ್ನು ಹೀರುತ್ತದೆ. ನೀಲಗಿರಿಯಂತಹ ಮರದ ಚೇಗು ಸುಲಭದಲ್ಲಿ ಹೀರುವುದಿಲ್ಲ. ಆದುದರಿಂದ ಕಂಬವೆಂದರೆ ಔಷಧಿಯ ಕವಚ ತೊಟ್ಟ ಬರಿಯ ಮರ. ಆ ಕವಚವನ್ನು ಸ್ಥಳದಲ್ಲಿ ಕೊಯ್ದರೆ, ತುದಿಯನ್ನು ಚೂಪು ಮಾಡಿದರೆ, ಬೋಲ್ಟಿಗಾಗಿ ತೂತು ಕೊರೆದರೆ ಹುಳುವಿಗೆ ಬಾಗಿಲು ತೆರೆದಂತೆ. ನಮ್ಮ ಕಂಬಗಳಿಗೆ ಜೆಟ್ಟಿಯ ಬಡಗಿಗಳು ಈ ಮೂರನ್ನೂ ಮಾಡಿದ್ದರು. ಕೊಯ್ತ, ತೂತು ಎಲ್ಲವೂ ಸಂಸ್ಕರಣೆಗೆ ಮೊದಲೇ ಮುಗಿದಿರಬೇಕೆಂಬ ಒಂದು ವಾಕ್ಯವು ಬಿಲ್ಲಿನಲ್ಲಿದ್ದಿದ್ದರೂ ಅರ್ಧ ನಷ್ಟ ತಪ್ಪುತ್ತಿತ್ತೇನೋ.

ಸಿಲಿಂಡರಿನಿಂದ ತೆಗೆದ ಕೂಡಲೇ ಮರವನ್ನು ಲಾರಿಗೆ ಏರಿಸುವುದೂ ತಪ್ಪು. ಕ್ರೋಮಿಯಂ ತಾಮ್ರವನ್ನೂ ಆರ್ಸೆನಿಕ್ಕನ್ನೂ ಮರದ ನಾರಿಗೆ ಕಚ್ಚಿಸಲು ಹವೆಗೆ ಅನುಗುಣವಾಗಿ ಹಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಅದಕ್ಕೆ ಮೊದಲೇ ನೀರಿಗಿಳಿಸಿದರೆ ಔಷಧಿ ಕಡಲು ಸೇರುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದಿಂದ ಸಂಸ್ಕರಿಸಿದ ಮರವಂತೂ ಒಳಾಂಗಣದ ಪೀಠೋಪಕರಣಕ್ಕೆ ಮಾತ್ರ ಯೋಗ್ಯ. ಬೋರಾನ್ ನೀರಿನಲ್ಲಿ ಕರಗಿ ಹೋಗುವ ಗುಣವುಳ್ಳದ್ದು. ಅದೂ ‘ಟ್ರೀಟೆಡ್’ ಮರವೇ! ಹಾಗೆಯೇ ನಮ್ಮ ಅಂಗಡಿಗಳಲ್ಲಿ ಅಡಿಗೆಮನೆಗಾಗಿ ಧಾರಾಳವಾಗಿ ಮಾರಾಟವಾಗುವ ‘ಮರೈನ್’ ಪ್ಲೈವುಡ್‌. ಐಎಸ್ 710 ಮಾನಕದ 72 ಗಂಟೆಗಳ ಕುದಿನೀರಿನ ಪರೀಕ್ಷೆಯು ಅಂಟಿನ ಗಟ್ಟಿತನವನ್ನು ಅಳೆಯುತ್ತದೆಯೇ ಹೊರತು ಕಡಲ ಹುಳುವಿನ ಹಲ್ಲನ್ನಲ್ಲ.

ಇಷ್ಟಾದರೂ ಒಂದು ಎಚ್ಚರಿಕೆ ಉಳಿಯುತ್ತದೆ. ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಸಂರಕ್ಷಕವು ಹಡಗುಹುಳುವನ್ನು ಚೆನ್ನಾಗಿ ತಡೆಯುತ್ತದೆ. ಮಾರ್ಟೀಸಿಯವನ್ನು ಅಷ್ಟಾಗಿ ತಡೆಯದು. ಮರವನ್ನು ತಿನ್ನದೆ ಮನೆಗಾಗಿ ಕೊರೆಯುವವನಿಗೆ ಮರದೊಳಗಿನ ವಿಷದ ಭಯವೆಲ್ಲಿಯದು? ಕಲ್ಲಿದ್ದಲ ಡಾಂಬರಿನಿಂದ ಬರುವ ಕ್ರಿಯೋಸೋಟ್ ಎಣ್ಣೆಯು ಮಾರ್ಟೀಸಿಯವನ್ನು ದೂರವಿಡುತ್ತದೆ. ಆದರೆ ಲಿಮ್ನೋರಿಯದ ಒಂದು ಜಾತಿ ಕ್ರಿಯೋಸೋಟನ್ನು ಸಹಿಸುತ್ತದೆ. ಆದಕಾರಣ ಬೆಚ್ಚನೆಯ ಕಡಲಿನಲ್ಲಿ ಮೊದಲು ಲವಣ, ಬಳಿಕ ಕ್ರಿಯೋಸೋಟ್ ಎಂಬ ಎರಡು ಹಂತದ ಸಂಸ್ಕರಣೆಯೇ ಭದ್ರವೆಂದು ತಜ್ಞರು ಹೇಳುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಬೇಗನೆ ಹಾಳಾಗುವ ರಬ್ಬರ್ ಮರವನ್ನೂ ಸಂಸ್ಕರಿಸಿ ದೋಣಿ ಕಟ್ಟಲು ಯೋಗ್ಯವಾಗಿಸಿದೆ. ಅಂದರೆ ಅಗ್ಗದ ತೋಟದ ಮರವು ಕಡಲಿಗೆ ಆಗದೆಂದಲ್ಲ, ಅಳತೆಯಿಲ್ಲದೆ ಆಗದು.

ವರ್ಷಕ್ಕೆಷ್ಟು ಎಂಬ ಲೆಕ್ಕ

‘ಇಷ್ಟೆಲ್ಲ ಮಾಡಿದರೆ ಬೆಲೆ ಏರುತ್ತದೆ, ಗಿರಾಕಿ ಕೊಳ್ಳುವುದಿಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಂಕಿಗಳು ಕೇವಲ ಉದಾಹರಣೆಗೆ. ಓದುಗರು ತಮ್ಮ ತಮ್ಮ ದರಗಳನ್ನು ಇಟ್ಟು ನೋಡಬಹುದು.

ಒಂದು ಕಂಬವನ್ನು ಕಡಲಿನಲ್ಲಿ ನೆಡುವ ಕೂಲಿ, ದೋಣಿ ಬಾಡಿಗೆ, ಬೋಲ್ಟು ಇತ್ಯಾದಿ ಸೇರಿ 1,400 ರೂಪಾಯಿ ಎಂದಿಟ್ಟುಕೊಳ್ಳೋಣ. ಕಂಬ ಯಾವುದಾದರೂ ಈ ಖರ್ಚು ಒಂದೇ. ಔಷಧಿಯಿಲ್ಲದ ಕಂಬಕ್ಕೆ 600 ರೂಪಾಯಿ, ಬಾಳಿಕೆ 2 ವರ್ಷ ಎಂದಾದರೆ ಒಟ್ಟು 2,000. ವರ್ಷಕ್ಕೆ 1,000 ರೂಪಾಯಿ. ಬೇಲಿಗೆ ತಕ್ಕಷ್ಟು ಔಷಧಿ ಹಿಡಿಸಿದ ಕಂಬಕ್ಕೆ 1,000 ರೂಪಾಯಿ, ಬಾಳಿಕೆ 3 ವರ್ಷ ಎಂದಾದರೆ ಒಟ್ಟು 2,400, ವರ್ಷಕ್ಕೆ 800. ಕಡಲಿಗೆ ತಕ್ಕಂತೆ ಸಂಸ್ಕರಿಸಿದ ಕಂಬಕ್ಕೆ 2,200 ರೂಪಾಯಿ, ಬಾಳಿಕೆ 12 ವರ್ಷ ಎಂದಾದರೆ ಒಟ್ಟು 3,600, ವರ್ಷಕ್ಕೆ 300. ಹೆಚ್ಚುವರಿಯಾಗಿ ಹೂಡಿದ 1,200 ರೂಪಾಯಿಗೆ ಶೇಕಡಾ 12ರಂತೆ ವರ್ಷಕ್ಕೆ 144 ರೂಪಾಯಿ ಬಡ್ಡಿ ಸೇರಿಸಿದರೂ 444 ಆಗುತ್ತದೆಯೇ ಹೊರತು 800 ಆಗದು.

ಈ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಡ್ಡಿಯನ್ನು ಬದಿಗಿಟ್ಟರೆ, ಮೂರನೆಯ ಕಂಬವು 12 ವರ್ಷ ಬಾಳಲೇಬೇಕೆಂದಿಲ್ಲ. ನಾಲ್ಕೂವರೆ ವರ್ಷ ಬಾಳಿದರೂ ಎರಡನೆಯದಕ್ಕೆ ಸಮವಾಗುತ್ತದೆ. ಹಾಗಿರುವಾಗ ಮಾರುವವನು 15 ವರ್ಷದ ಖಾತರಿ ಕೊಟ್ಟು ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಳ್ಳುವ ಅಗತ್ಯವೇನಿದೆ? ಔಷಧಿಯ ಪ್ರಮಾಣವನ್ನು ನಿಜವಾಗಿ ಬರೆದು, ‘ಇಷ್ಟು ಬಾಳಿದರೆ ನಿಮಗೆ ಗಿಟ್ಟುತ್ತದೆ’ ಎಂದು ಗಿರಾಕಿಗೆ ಲೆಕ್ಕ ತೋರಿಸಿದರೆ ಸಾಕು. ವ್ಯಾಪಾರ ಬಲ್ಲ ಗಿರಾಕಿ ಒಪ್ಪುತ್ತಾನೆ.

ಕಾನೂನು ಮತ್ತು ಖಾತೆ ಪುಸ್ತಕ

ಖಾತರಿಯನ್ನು ಬರೆಯದಿದ್ದರೆ ಹೊಣೆಯಿಲ್ಲವೆಂದು ಭಾವಿಸುವುದೂ ಸರಿಯಲ್ಲ. 1930ರ ಸರಕು ಮಾರಾಟ ಅಧಿನಿಯಮದ 16ನೆಯ ಪ್ರಕರಣದ ಪ್ರಕಾರ, ಕೊಳ್ಳುವವನು ತನಗೆ ಸರಕು ಯಾವ ಉದ್ದೇಶಕ್ಕೆ ಬೇಕೆಂಬುದನ್ನು ತಿಳಿಸಿ, ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಮಾರುವವನು ಸಹಜವಾಗಿ ಆ ಬಗೆಯ ಸರಕಿನ ವ್ಯಾಪಾರಿಯೇ ಆಗಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕಮಟ್ಟಿಗೆ ಯೋಗ್ಯವಾಗಿರಬೇಕೆಂಬುದು ಅಧ್ಯಾಹೃತ ಷರತ್ತಾಗುತ್ತದೆ. ‘ಜೆಟ್ಟಿಗೆ ಬೇಕು’ ಎಂಬ ಒಂದು ಮಾತು ಪತ್ರದಲ್ಲಿದ್ದರೆ ಸಾಕು. ನಮ್ಮ ಪ್ರಕರಣದಲ್ಲಿ ಆ ಮಾತು ಆರ್ಡರಿನಲ್ಲೇ ಇತ್ತು. ವಕೀಲರು ರಾಜಿಯೇ ಲೇಸೆಂದದ್ದು ಅದಕ್ಕಾಗಿ.

ಖಾತರಿ ಕೊಟ್ಟೇ ಮಾರುವವರು ಅದನ್ನು ಪುಸ್ತಕದಲ್ಲಿಯೂ ಕಾಣಿಸಬೇಕು. 2004ರ ಏಪ್ರಿಲ್ 1ರಿಂದ ಜಾರಿಗೆ ಬಂದ ಲೆಕ್ಕಪತ್ರ ಮಾನಕ 29, ಬರಬಹುದಾದ ಖಾತರಿ ಹೊಣೆಗೆ ಮೊದಲೇ ಅವಕಾಶ ಕಲ್ಪಿಸಬೇಕೆನ್ನುತ್ತದೆ. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜಿಸಿದ ಖಾತರಿ ಮೀಸಲನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಒಪ್ಪಿತು. ನಂತರ ಬಂದ ಆದಾಯ ಗಣನಾ ಮಾನಕಗಳು ಇನ್ನೂ ಹೆಚ್ಚಿನ ಖಚಿತತೆಯನ್ನು ಬಯಸುತ್ತವೆ. ಎರಡರ ಸಾರಾಂಶ ಒಂದೇ: ಯಾವ ವರ್ಷ ಎಷ್ಟು ಮಾಲು, ಯಾವ ಪ್ರಮಾಣದಲ್ಲಿ, ಎಲ್ಲಿಗೆ ಹೋಯಿತು, ಎಷ್ಟು ಕೆಟ್ಟಿತು ಎಂಬ ದಾಖಲೆಯಿಲ್ಲದವನಿಗೆ ಮೀಸಲೂ ಇಲ್ಲ, ರಿಯಾಯಿತಿಯೂ ಇಲ್ಲ.

ಅಳತೆಯ ವಿಷಯದಲ್ಲಿ ತೆರಿಗೆಯ ಪಟ್ಟಿಯಿಂದ ಸಹಾಯ ಸಿಗದು. ಸುಂಕದ 4403ನೆಯ ಶೀರ್ಷಿಕೆಯು ದುಂಡುಮರವನ್ನು ಸಂರಕ್ಷಕ ಬಳಸಿದ್ದು, ಬಳಸದ್ದು ಎಂದಷ್ಟೇ ಬೇರ್ಪಡಿಸುತ್ತದೆ. ಎಷ್ಟು ಬಳಸಿದ್ದೆಂಬುದನ್ನು ನಾವೇ ಬರೆದುಕೊಳ್ಳಬೇಕು.

ವಿಷದ ಮಾತು, ಬದಲಿಯ ಮಾತು

ಮತ್ತೊಂದು ಬದಿಯನ್ನೂ ಹೇಳದೆ ಲೇಖನ ಪೂರ್ಣವಾಗದು. ಆರ್ಸೆನಿಕ್ ವಿಷ. ಅಮೆರಿಕದ ತಯಾರಕರು 2003ರ ಕೊನೆಯಿಂದ ಮನೆಬಳಕೆಯ ಮರಕ್ಕೆ ಈ ಸಂರಕ್ಷಕವನ್ನು ಬಳಸುವುದನ್ನು ತಾವಾಗಿಯೇ ನಿಲ್ಲಿಸಿದರು. ಐರೋಪ್ಯ ಒಕ್ಕೂಟದ 2003ರ ನಿರ್ದೇಶನವು ಇಂತಹ ಮರವನ್ನು ಸಮುದ್ರದ ನೀರಿನಲ್ಲಿ ಬಳಸುವುದನ್ನೇ ನಿಷೇಧಿಸಿತು. ಆ ದೇಶಗಳಿಗೆ ಮರದ ಸಾಮಾನು ಕಳುಹಿಸುವವರು ಇದನ್ನು ಅರಿತಿರಬೇಕು. ಇಲ್ಲಿಯೂ ಸಿಲಿಂಡರಿನ ಬಳಿ ದುಡಿಯುವವರಿಗೆ ಕೈಗವಸು ಕೊಡಬೇಕು. ಸೋರಿದ ದ್ರಾವಣ ಬಾವಿಗೂ ಕೆರೆಗೂ ಸೇರದಂತೆ ನೋಡಿಕೊಳ್ಳಬೇಕು. ಉಳಿದ ತುಂಡುಗಳನ್ನು ಹಂಡೆಯ ಒಲೆಗೆ ಸೌದೆಯಾಗಿ ಕೊಡಲೇಬಾರದು. ಅದರ ಹೊಗೆಯಲ್ಲಿಯೂ ಬೂದಿಯಲ್ಲಿಯೂ ಆರ್ಸೆನಿಕ್ ಇರುತ್ತದೆ.

‘ಹಾಗಾದರೆ ಕಡಲಿಗೆ ಮರವೇ ಬೇಡ, ಫೈಬರ್, ಉಕ್ಕು, ಕಾಂಕ್ರೀಟು ಇದೆಯಲ್ಲ’ ಎನ್ನುವವರಿದ್ದಾರೆ. ಮಲ್ಪೆ, ಮಂಗಳೂರಿನ ದೋಣಿಕಟ್ಟೆಗಳಲ್ಲಿ ಫೈಬರ್ ಹಾಗೂ ಉಕ್ಕಿನ ದೋಣಿಗಳು ಮರದ ಜಾಗವನ್ನು ಆಕ್ರಮಿಸುತ್ತ ಬಂದಿರುವುದು ಎಲ್ಲರೂ ಕಂಡ ಸಂಗತಿ. ಬೆಲೆ, ಸಾಗುವಾನಿಯ ಅಭಾವ ಇದಕ್ಕೆ ಕಾರಣವಿರಬಹುದು. ಆದರೆ ಮರದ ಮೇಲಿನ ನಂಬಿಕೆ ಕುಸಿದದ್ದರಲ್ಲಿ ನಮ್ಮ ‘ಟ್ರೀಟೆಡ್’ ಬಿಲ್ಲುಗಳ ಪಾಲೂ ಇಲ್ಲವೆನ್ನಲಾಗದು. ಫೈಬರಿನವನು ಪದರ ಎಷ್ಟು, ದಪ್ಪ ಎಷ್ಟು ಎಂದು ಬರೆದುಕೊಡುತ್ತಾನೆ. ನಾವು ಏನು ಬರೆದುಕೊಡುತ್ತೇವೆ? ಅಳತೆ ಕೊಡುವವನ ಮುಂದೆ ಅಳತೆ ಕೊಡದವನು ಸೋಲುವುದು ಮಾರುಕಟ್ಟೆಯ ನಿಯಮ.

ಏನು ಮಾಡಬಹುದು?

ನನ್ನ ಸಲಹೆಗಳು ಮೂರು. ಒಂದೂ ದುಬಾರಿಯದಲ್ಲ.

ಮೊದಲನೆಯದಾಗಿ, ಸಂಸ್ಕರಿಸಿದ ಮರದ ಪ್ರತಿ ಬಿಲ್ಲಿನಲ್ಲಿ ನಾಲ್ಕು ವಿವರಗಳಿರಲಿ: ಮರದ ಜಾತಿ, ಸಂರಕ್ಷಕದ ಹೆಸರು, ಘನ ಮೀಟರಿಗೆ ಕಿಲೋ ಪ್ರಮಾಣ ಮತ್ತು ಇಳಿದ ಆಳ, ಯಾವ ಬಳಕೆಗೆ ಯೋಗ್ಯ, ಯಾವುದಕ್ಕೆ ಅಲ್ಲ. ಬೇಲಿ ಕಂಬವಾದರೆ ‘ಸಮುದ್ರದ ನೀರಿಗೆ ಅಲ್ಲ’ ಎಂದು ಬರೆಯಲು ಸಂಕೋಚ ಬೇಡ. ಕಿಲೋ ಎಂದಾಗ ಲವಣದ ತೂಕವೋ ಆಕ್ಸೈಡಿನ ತೂಕವೋ ಎಂಬುದನ್ನೂ ತಯಾರಕರಿಂದ ಕೇಳಿ ತಿಳಿಯಬೇಕು, ಎರಡೂ ಒಂದಲ್ಲ.

ಎರಡನೆಯದಾಗಿ, ಸಿಲಿಂಡರಿನ ಪಕ್ಕದಲ್ಲಿ ಒಂದು ವಹಿ ಇರಲಿ. ಪ್ರತಿ ಸರದಿಯಲ್ಲಿ ಮರದ ಘನ ಅಳತೆ, ಹೀರಿದ ದ್ರಾವಣ, ದ್ರಾವಣದ ಸಾಂದ್ರತೆ ಈ ಮೂರನ್ನು ಬರೆದರೆ ಪ್ರಮಾಣ ತಾನಾಗಿಯೇ ದೊರೆಯುತ್ತದೆ. 2 ಘನ ಮೀಟರ್ ಮರವು ಶೇಕಡಾ 4ರ ದ್ರಾವಣವನ್ನು 500 ಲೀಟರ್ ಹೀರಿದರೆ ಸುಮಾರು 20 ಕಿಲೋ ಸಂರಕ್ಷಕ ಒಳಗೆ ಹೋಯಿತು. ಘನ ಮೀಟರಿಗೆ 10 ಕಿಲೋ. ಇದು ಬೇಲಿಗೆ ಧಾರಾಳ, ಕಡಲಿಗೆ ಸಾಲದು. ಆಳವನ್ನು ನೋಡಲು ಕೊಯ್ದ ತುದಿಗೆ ಕ್ರೋಮ್ ಅಜುರಾಲ್ ದ್ರಾವಣವನ್ನು ಸಿಂಪಡಿಸಿದರೆ ತಾಮ್ರ ಇಳಿದಷ್ಟು ಜಾಗ ನೀಲಿಯಾಗುತ್ತದೆ. ನನ್ನ ವೃತ್ತಿಬಾಂಧವರಿಗೂ ಒಂದು ಮಾತು: ವರ್ಷದ ಕೊನೆಯಲ್ಲಿ ಬಳಸಿದ ಸಂರಕ್ಷಕವನ್ನು ಮಾರಿದ ಘನ ಮೀಟರಿನಿಂದ ಭಾಗಿಸಿ ನೋಡಿ, ಕಕ್ಷಿದಾರರಿಗೆ ತಿಳಿಸಿ. ಒಂದು ನಿಮಿಷದ ಕೆಲಸ. ನಾನು ಅದನ್ನು ಮಾಡಲಿಲ್ಲ.

ಮೂರನೆಯದಾಗಿ, ನಮ್ಮ ಸಂಸ್ಥೆಯು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಸಂಪರ್ಕಿಸಿ ಹಾಸನದಲ್ಲಿ ಒಂದು ದಿನದ ಕಾರ್ಯಾಗಾರವನ್ನು ಏರ್ಪಡಿಸಲಿ. ಕಡಲಜೀವಿಗಳಿಂದ ಮರಕ್ಕಾಗುವ ಹಾನಿಯನ್ನು ಕುರಿತು ಆ ಸಂಸ್ಥೆ ದಶಕಗಳಿಂದ ಅಧ್ಯಯನ ನಡೆಸಿದೆ. ಸಕಲೇಶಪುರ, ಆಲೂರು, ಅರಕಲಗೂಡು ಕಡೆಯ ತೋಟಗಳಲ್ಲಿ ಬೆಳೆಯುವ ಮರಕ್ಕೆ ಘಾಟಿಯ ಕೆಳಗೆ ಮಾರುಕಟ್ಟೆಯಿದೆ. ಆದರೆ ಪರೀಕ್ಷಾ ವರದಿಯಿಲ್ಲದೆ ಆ ಮಾರುಕಟ್ಟೆಗೆ ಇಳಿಯುವುದು ಬೇಡ. ಒಬ್ಬೊಬ್ಬರಿಗೆ ಭಾರವಾಗುವ ಪರೀಕ್ಷೆಯ ಶುಲ್ಕವನ್ನು ಸದಸ್ಯರು ಕೂಡಿ ಹಂಚಿಕೊಳ್ಳಬಹುದು.

ಮೊನ್ನೆ ಸಾಲಗಾಮೆಯ ದಾರಿಯಲ್ಲಿ ಹೋಗುವಾಗ ಆ ಸಾಮಿಲ್ಲಿನ ಮುಂದೆ ಕಾರು ನಿಲ್ಲಿಸಿದೆ. ಮುರಿದ ಕಂಬದ ತುಂಡನ್ನು ನನ್ನ ಕಕ್ಷಿದಾರರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಬೇಲಿ ಕಂಬ ಕೊಳ್ಳಲು ಬಂದವರೂ ಅದೇನೆಂದು ಕೇಳುತ್ತಾರಂತೆ. ಇವರು ಇದ್ದದ್ದನ್ನು ಇದ್ದಹಾಗೆ ಹೇಳುತ್ತಾರಂತೆ. ಸಿಲಿಂಡರನ್ನು ಮತ್ತೆ ಹೂಡುವ ಯೋಚನೆ ಇದೆಯೇ ಎಂದು ವಿಚಾರಿಸಿದೆ. “ವಹಿ ಬರೆಯೋ ಹುಡುಗ ಸಿಕ್ಕರೆ ನೋಡೋಣ ಸಾರ್,” ಎಂದರು.